ಬರ್ನ್‌ನ ಅಧ್ಯಕ್ಷರು, ಬೆಂಗಳೂರಿನ ಮೇಯರ್

ಸ್ವಿಟ್ಜರ್ಲೆಂಡಿನ ಈ ವರ್ಷದ ಅಧ್ಯಕ್ಷರು ಯಾರು ಅಂತ ಜ್ಯೂರಿಚ್‌ನ ನಮ್ಮ ಆಫೀಸಿನಲ್ಲಿ ಕೇಳಿ ನೋಡಿ. ಒಂದಿಬ್ಬರಾದರೂ ತಲೆ ಕೆರೆದುಕೊಳ್ಳುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಆ ಕುರ್ಚಿಯೇ ಹಾಗಿದೆ. ರಾಜಧಾನಿ ಬರ್ನ್‌ನಲ್ಲಿ ಇಡೀ ದೇಶಕ್ಕೆ ಏಳೇ ಮಂತ್ರಿಗಳು. ಅವರಲ್ಲೇ ಒಬ್ಬರು ಒಂದು ವರ್ಷದ ಮಟ್ಟಿಗೆ ಅಧ್ಯಕ್ಷರು. ತಮ್ಮ ಖಾತೆಯನ್ನೂ ನೋಡಿಕೊಳ್ಳಬೇಕು, ಸಭೆಯನ್ನೂ ನಡೆಸಬೇಕು. ಉಳಿದ ಆರು ಜನರಿಗೆ ಹುಕುಂ ಮಾಡುವ ಹಾಗಿಲ್ಲ. ಮುಂದಿನ ಜನವರಿಗೆ ಇನ್ನೊಬ್ಬರ ಸರದಿ.

ಬೆಂಗಳೂರಿನಲ್ಲೂ ಮೇಯರ್ ವರ್ಷಕ್ಕೊಬ್ಬರು ಬರುತ್ತಿದ್ದರು, ಅಲ್ವಾ? ಅಲ್ಲಿ ಅದು ನಗೆಪಾಟಲಿನ ವಿಷಯ. ವಾರ್ಡ್‌ಗಳ ಹೆಸರು ಪರಿಚಯ ಆಗುವಷ್ಟರಲ್ಲಿ ಅವಧಿ ಮುಗಿಯಿತು ಅಂತ ಜನ ಆಡಿಕೊಳ್ಳುತ್ತಿದ್ದರು. ಇಲ್ಲಿ ಅದೇ ಒಂದು ವರ್ಷದ ಏರ್ಪಾಡು 1848ರಿಂದ ನಡೆದುಕೊಂಡು ಬಂದಿದೆ. ಹೀಗೇಕೆ ಅನ್ನುವುದು ನನ್ನನ್ನು ತುಂಬಾ ದಿನ ಕಾಡಿತು.

ಇಲ್ಲಿನ ಏಳು ಮಂತ್ರಿಗಳನ್ನು ಸಂಸತ್ತು ನಾಲ್ಕು ವರ್ಷಕ್ಕೆ ಆರಿಸುತ್ತದೆ. ಆಮೇಲೆ ನಡುವೆ ಅವಿಶ್ವಾಸ ಮಂಡಿಸಿ ಇಳಿಸುವಂತಿಲ್ಲ. ಅವರೂ ಸಂಸತ್ತನ್ನು ವಿಸರ್ಜಿಸುವಂತಿಲ್ಲ. ಹಾಗಾಗಿ ಇದು ದೆಹಲಿಯ ತರಹದ್ದೂ ಅಲ್ಲ, ವಾಷಿಂಗ್ಟನ್‌ನ ತರಹದ್ದೂ ಅಲ್ಲ. ರಾತ್ರೋರಾತ್ರಿ ಶಾಸಕರನ್ನು ಬಸ್ಸಿಗೆ ಹತ್ತಿಸಿ ರೆಸಾರ್ಟ್‌ಗೆ ಸಾಗಿಸುವ ಕೆಲಸ ಇಲ್ಲಿ ಯಾರಿಗೂ ಬೇಕಾಗಿಲ್ಲ. 1959ರಿಂದ ದೊಡ್ಡ ಪಕ್ಷಗಳು ಈ ಏಳು ಜಾಗಗಳನ್ನು ಹೆಚ್ಚುಕಡಿಮೆ ತಮ್ಮ ಬಲಕ್ಕೆ ತಕ್ಕಂತೆ ಹಂಚಿಕೊಳ್ಳುತ್ತಿವೆ. ಎಡದವರೂ ಬಲದವರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಒಳಗೆ ಜಗಳವಾಡಿದರೂ ಹೊರಗೆ ಬಂದ ಮೇಲೆ ಎಲ್ಲರದೂ ಒಂದೇ ತೀರ್ಮಾನ. ಮತ್ತೆ ಸ್ಪರ್ಧಿಸಿ ಸೋತ ಮಂತ್ರಿಗಳು ಇಷ್ಟು ವರ್ಷಗಳಲ್ಲಿ ನಾಲ್ಕೇ ಜನ: 1854, 1872, 2003 ಮತ್ತು 2007ರಲ್ಲಿ ಒಬ್ಬೊಬ್ಬರು.

ಹಾಗಾದರೆ ವಿರೋಧ ಪಕ್ಷ ಯಾವುದು? ಜನರೇ. ಸಂಸತ್ತು ಮಾಡಿದ ಕಾನೂನು ಹಿಡಿಸದಿದ್ದರೆ ನೂರು ದಿನದಲ್ಲಿ 50,000 ಸಹಿ ಕೂಡಿಸಿ ಅದನ್ನು ಮತಕ್ಕೆ ಎಳೆಯಬಹುದು. ಹದಿನೆಂಟು ತಿಂಗಳಲ್ಲಿ ಒಂದು ಲಕ್ಷ ಸಹಿ ತಂದರೆ ಸಂವಿಧಾನಕ್ಕೇ ತಿದ್ದುಪಡಿ ಕೇಳಬಹುದು. 2012ರಲ್ಲಿ ಎಲ್ಲ ನೌಕರರಿಗೂ ಆರು ವಾರ ರಜೆ ಕೊಡಬೇಕೇ ಅಂತ ಕೇಳಿದಾಗ ಮೂರರಲ್ಲಿ ಎರಡು ಪಾಲು ಜನ ಬೇಡ ಅಂದರು. ಇದನ್ನು ಕೇಳಿ ನಮ್ಮವರು 'ಎಂಥಾ ಜವಾಬ್ದಾರಿ ನೋಡಿ' ಅಂತ ಬೆರಗಾಗುತ್ತಾರೆ. 2024ರಲ್ಲಿ ವರ್ಷಕ್ಕೆ ಹದಿಮೂರನೇ ಪಿಂಚಣಿ ಕಂತು ಬೇಕು ಅಂತ ಇದೇ ಜನ ಗೆಲ್ಲಿಸಿದರು. ಆ ಸುದ್ದಿ ಅಷ್ಟು ಓಡಾಡಲಿಲ್ಲ!

ಇದಕ್ಕೆ ಕರಾಳ ಮುಖವೂ ಇದೆ. ಹೆಂಗಸರಿಗೆ ಮತ ಕೊಡಬೇಕೇ ಅಂತ 1959ರಲ್ಲಿ ಗಂಡಸರನ್ನು ಕೇಳಿದರು. ಆಗಲ್ಲ ಅಂದರು. ಒಪ್ಪಿಕೊಂಡದ್ದು 1971ರಲ್ಲಿ. ಅಪೆನ್‌ಜೆಲ್ ಇನ್ನರ್‌ರೋಡನ್ ಅನ್ನುವ ಪುಟ್ಟ ಕ್ಯಾಂಟನ್‌ನ (ನಮ್ಮ ರಾಜ್ಯಗಳಿದ್ದ ಹಾಗೆ) ಗಂಡಸರು 1990ರವರೆಗೂ ತಮ್ಮ ಬಯಲು ಸಭೆಗೆ ಹೆಂಗಸರನ್ನು ಸೇರಿಸಲಿಲ್ಲ. ಕೊನೆಗೆ ಕೋರ್ಟ್ ಹೇಳಬೇಕಾಯಿತು. ನಮ್ಮ ಅಜ್ಜಿ 1952ರಲ್ಲೇ ಮತ ಹಾಕಿದ್ದವರು. 2009ರಲ್ಲಿ ಹೊಸ ಮಿನಾರ್ ಕಟ್ಟಬಾರದು ಅಂತ ಸಂವಿಧಾನದಲ್ಲೇ ಬರೆಸಿದ್ದೂ ಇದೇ ಜನಮತ. ಹಾಗಾಗಿ ಪ್ರತಿಯೊಂದನ್ನೂ ಜನರನ್ನೇ ಕೇಳೋಣ ಅಂತ ಊರಿನ ಗೆಳೆಯರು ಹೇಳಿದಾಗ ನಾನು ತಲೆಯಾಡಿಸುವುದಿಲ್ಲ.

ನನಗೆ ಆಸೆ ಹುಟ್ಟಿಸುವುದು ಊರಿನ ಖಜಾನೆ. ಇಲ್ಲಿ ಆದಾಯ ತೆರಿಗೆ ಮೂರು ಕಡೆ ಹೋಗುತ್ತದೆ: ದೇಶಕ್ಕೆ, ಕ್ಯಾಂಟನ್‌ಗೆ, ಊರಿಗೆ. ಊರಿನ ದರವನ್ನು ಊರೇ ಗೊತ್ತು ಮಾಡುತ್ತದೆ. ಸಣ್ಣ ಊರುಗಳಲ್ಲಿ ಜನ ಒಂದು ಹಾಲ್‌ನಲ್ಲಿ ಸೇರಿ, ಬಜೆಟ್ ಕೇಳಿ, ಕೈ ಎತ್ತುತ್ತಾರೆ. ಶಾಲೆಗೆ ಹೊಸ ಕಟ್ಟಡ ಬೇಕಾ? ದುಡ್ಡು ಎಲ್ಲಿಂದ? ಎರಡೂ ಪ್ರಶ್ನೆ ಒಂದೇ ಸಂಜೆ ಬರುತ್ತವೆ. ತೆರಿಗೆ ಕಟ್ಟುವ ನನಗೆ ಕೈ ಎತ್ತುವ ಹಕ್ಕಿಲ್ಲ, ಪರದೇಶಿ. ಭಾರತದಲ್ಲಿ ಹಕ್ಕಿದೆ, ಆದರೆ ಮತಗಟ್ಟೆಗೆ ಖುದ್ದು ಹೋಗಬೇಕು.

ಇಂಥದ್ದು ನಮಗೆ ಒಗ್ಗುವುದಿಲ್ಲ ಅನ್ನುವವರು ಅಬ್ದುಲ್ ನಜೀರ್ ಸಾಬರನ್ನು ಮರೆತಿದ್ದಾರೆ. ಊರೂರಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಅನಿಸಿಕೊಂಡ ಅವರು ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ 1983ರ ಪಂಚಾಯಿತಿ ಕಾಯ್ದೆ ತಂದರು. 1987ರಲ್ಲಿ ಚುನಾವಣೆ ಆಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಐಎಎಸ್ ಅಧಿಕಾರಿ. ಪಂಚಾಯಿತಿಗಳಿಗೆ ದೇಶದ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿ ಬರುವುದಕ್ಕೂ ಮೊದಲಿನ ಮಾತಿದು. ಈಗ ನೋಡಿ: ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದರೂ ವರ್ಷಗಟ್ಟಲೆ ಚುನಾವಣೆ ನಡೆಸಲಿಲ್ಲ. ಬಿಬಿಎಂಪಿ 2020ರಿಂದ ಆಡಳಿತಾಧಿಕಾರಿಯ ಕೈಗೆ ಹೋಯಿತು. ಯಾವ ಪಕ್ಷದ ಸರ್ಕಾರ ಬಂದರೂ ಇದರಲ್ಲಿ ಮಾತ್ರ ಒಮ್ಮತ.

ಬರ್ನ್‌ನ ಅಧ್ಯಕ್ಷರು ವರ್ಷಕ್ಕೊಮ್ಮೆ ಬದಲಾದರೂ ನಡೆಯುತ್ತದೆ. ಏಕೆಂದರೆ ಅಧಿಕಾರ ಏಳು ಜನರಲ್ಲಿ, ಕ್ಯಾಂಟನ್‌ಗಳಲ್ಲಿ, ಊರುಗಳಲ್ಲಿ ಹಂಚಿಹೋಗಿದೆ. ಬೆಂಗಳೂರಿನ ಮೇಯರ್ ಬದಲಾದರೂ ನಡೆಯುತ್ತಿತ್ತು. ಅಲ್ಲಿ ಬೀಗದ ಕೈ ಇದ್ದದ್ದು ಕಮಿಷನರ್ ಹತ್ತಿರ, ಅವರ ವರ್ಗಾವಣೆ ವಿಧಾನಸೌಧದ ಹತ್ತಿರ. ಈಗ ಬೆಂಗಳೂರಿಗೆ ಐದು ಪಾಲಿಕೆ, ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಅದರ ಅಧ್ಯಕ್ಷರು ಯಾರು? ಮುಖ್ಯಮಂತ್ರಿಗಳು. ಮನೆ ಕಂದಾಯದ ದರ, ಕಸದ ಗುತ್ತಿಗೆ, ಕಮಿಷನರ್ ನೇಮಕ, ಈ ಮೂರರಲ್ಲಿ ಮೇಯರ್ ಮಾತು ಎಷ್ಟು ನಡೆಯುತ್ತದೆ ಅಂತ ಮತ ಕೇಳಿಕೊಂಡು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳು ಅಂತ ಜಯನಗರದಲ್ಲಿರುವ ಅಣ್ಣನಿಗೆ ಹೇಳಿದ್ದೇನೆ.