ವಿಹಾರ ನೌಕೆಗೆ ಮುಂಗಡ ಕೊಡುವ ಮೊದಲು

ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದ ಬಳಿ ಖಾಸಗಿ ವಿಹಾರ ನೌಕೆಯನ್ನು ಗಂಟೆಯ ಲೆಕ್ಕದಲ್ಲಿ ಗೊತ್ತುಮಾಡಿ, ಹತ್ತು ಜನ ಬಾಡಿಗೆ ಹಂಚಿಕೊಂಡರೆ ಮಧ್ಯಮ ವರ್ಗದವರಿಗೂ ಕೈಗೆಟುಕುತ್ತದೆ ಎಂದು ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ಮಾತನ್ನು ಒಪ್ಪುತ್ತೇನೆ. ಆದರೆ ಗೊರೂರಿನ ಹಿನ್ನೀರನ್ನಷ್ಟೇ ಕಂಡು ಹಾಸನದಿಂದ ಹೊರಡುವ ನಮ್ಮಂತಹ ಕುಟುಂಬಗಳಿಗೆ ಇನ್ನೂ ಕೆಲವು ವಿಷಯಗಳು ತಿಳಿದಿರಬೇಕು.

ಗೇಟ್‌ವೇ ಇರುವುದು ನಗರದ ಪೂರ್ವ ದಡದಲ್ಲಿ. ಮರೀನ್ ಡ್ರೈವ್ ಮತ್ತು 2009ರಲ್ಲಿ ತೆರೆದ ಬಾಂದ್ರಾ-ವರ್ಲಿ ಸೇತುವೆ ಇರುವುದು ಪಶ್ಚಿಮಕ್ಕೆ. ಅವುಗಳನ್ನು ನೋಡಬೇಕೆಂದರೆ ಕೊಲಾಬಾದ ದಕ್ಷಿಣ ತುದಿಯನ್ನು ಸುತ್ತಿಕೊಂಡು ತೆರೆದ ಸಮುದ್ರಕ್ಕೆ ಹೋಗಬೇಕಾದ್ದರಿಂದ, ಒಂದು ಗಂಟೆಯ ವಿಹಾರಕ್ಕೆ ಹಣ ಕಟ್ಟುವ ಮೊದಲೇ ನೌಕೆಯವರು ಯಾವ ದಡವನ್ನು ತೋರಿಸುತ್ತಾರೆಂದು ಕೇಳಿ ಖಚಿತಪಡಿಸಿಕೊಳ್ಳುವುದು ಅತ್ಯಗತ್ಯ. ನೌಕೆಗಳು ಸಾಮಾನ್ಯವಾಗಿ ದಡದಿಂದ ದೂರ ಲಂಗರು ಹಾಕಿರುತ್ತವೆ. ಚಿಕ್ಕ ದೋಣಿಯಲ್ಲಿ ಹೋಗಿ ಹತ್ತಬೇಕಾಗುವುದರಿಂದ ಮಂಡಿನೋವಿರುವ ಹಿರಿಯರನ್ನು ಕರೆದೊಯ್ಯುವವರು ಇದನ್ನು ಗಮನದಲ್ಲಿಡಬೇಕು.

ಮುಂಗಾರಿನ ತಿಂಗಳುಗಳಲ್ಲಿ ಇಂತಹ ವಿಹಾರ ನಿಂತಿರುತ್ತದೆ. ದಸರಾ ರಜೆಯ ನಂತರದ ದಿನಗಳೇ ಉತ್ತಮ.

2024ರ ಡಿಸೆಂಬರ್ 18ರಂದು ಇದೇ ಗೇಟ್‌ವೇಯಿಂದ ಎಲಿಫೆಂಟಾ ದ್ವೀಪಕ್ಕೆ ಹೊರಟಿದ್ದ ಪ್ರಯಾಣಿಕರ ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದು ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆದ್ದರಿಂದ ನೌಕೆಯ ಪರವಾನಗಿಯನ್ನೂ ಅದರಲ್ಲಿ ನಮೂದಾಗಿರುವ ಪ್ರಯಾಣಿಕರ ಮಿತಿಯನ್ನೂ ಕೇಳಿ ನೋಡಲು ಸಂಕೋಚಪಡಬಾರದು. ಮಕ್ಕಳ ಅಳತೆಯ ಜೀವರಕ್ಷಕ ಜಾಕೆಟ್ ಇಲ್ಲವೆಂದಾದರೆ, ಮುಂಗಡ ಹೋದರೂ ಸರಿ, ಹತ್ತದೆ ಹಿಂತಿರುಗಬೇಕು.