ಬಲ್ಬ್ ಹತ್ತಿದರೆ ಕೆಲಸ ಮುಗೀತಾ?

ಸಾಗರದ ನಮ್ಮ ಮನೆಯಲ್ಲಿ ದೋಸೆಗೆ ರುಬ್ಬುವಾಗ ಅಮ್ಮ ಗ್ರೈಂಡರ್ ಮುಂದೆ ಮರದ ಮಣೆ ಹಾಕಿಕೊಂಡು ನಿಲ್ಲುತ್ತಿದ್ದಳು. ನೆಲ ತಣ್ಣಗಿರುತ್ತೆ, ಅದಕ್ಕೇ ಇರಬೇಕು ಅಂದುಕೊಂಡಿದ್ದೆ. ಹೋದ ಮಳೆಗಾಲ ಊರಿಗೆ ಹೋದಾಗ ಹಿಟ್ಟು ತೆಗೆಯಲು ಒದ್ದೆ ಕೈ ಹಾಕಿದೆ ನೋಡಿ, ಮೊಣಕೈವರೆಗೆ ಜುಮ್ ಅಂತು. "ಬರಿಗಾಲಲ್ಲಿ ಮುಟ್ಬಾರ್ದು ಕಣೋ, ಮಳೆಗಾಲದಲ್ಲಿ ಅದು ಸ್ವಲ್ಪ ಹಂಗೇ" ಅಂದಳು ಅಮ್ಮ, ಬೆಕ್ಕಿನ ಸ್ವಭಾವ ಹೇಳಿದಷ್ಟು ಸಲೀಸಾಗಿ.

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ, ಬಾಡಿಗೆ ಮನೆ. ಎಲೆಕ್ಟ್ರಿಷಿಯನ್ ಅಲ್ಲ, ಆದರೆ ಸ್ಕ್ರೂಡ್ರೈವರ್ ಕಂಡರೆ ಕೈ ಕಡಿಯುತ್ತೆ. ಮೇನ್ ಆಫ್ ಮಾಡಿ ಗ್ರೈಂಡರ್‌ನ ಸಾಕೆಟ್ ಬಿಚ್ಚಿದೆ. ಮೂರು ತೂತಿನ ಸಾಕೆಟ್, ಹಿಂದೆ ಬಂದಿದ್ದು ಎರಡೇ ವಯರ್. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಮೇಲಿನ ದೊಡ್ಡ ತೂತು, ಅಂದರೆ ಅರ್ಥ್, ಸುಮ್ನೆ ಅಲಂಕಾರಕ್ಕೆ.

ವಯರ್‌ಮನ್ ಬಂದರು. ಮೂವತ್ತು ವರ್ಷದಿಂದ ನಮ್ಮ ಬೀದಿಯ ಎಲ್ಲರ ಮನೆ ಕೆಲಸ ಮಾಡಿದವರು. ಐದು ನಿಮಿಷ ಹಿಡಿಯಿತು. ಬೆರಳುದ್ದದ ವಯರ್ ತುಂಡೊಂದನ್ನು ಸಾಕೆಟ್ಟಿನ ಒಳಗೇ, ಕರೆಂಟ್ ವಾಪಸ್ ಹೋಗುವ ವಯರಾದ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಕಟ್ಟಿದರು. ಜುಮ್ ನಿಂತೇ ಹೋಯಿತು! ಅಮ್ಮ ಅವರಿಗೆ ಕಾಫಿ ಕೊಟ್ಟಳು.

ನನ್ನ ಪ್ರಕಾರ ನಮ್ಮ ಕಡೆಯ ವೈರಿಂಗ್ ತಪ್ಪುಗಳಲ್ಲಿ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಯಾಕಂದರೆ ಇದು ರಿಪೇರಿಯ ಹಾಗೆ ಕಾಣುತ್ತದೆ. ಕಂಬದ ಹತ್ತಿರವೋ ಮೀಟರ್ ಬೋರ್ಡಿನಲ್ಲೋ ನ್ಯೂಟ್ರಲ್ ಸಡಿಲವಾಯಿತು ಅನ್ನಿ. ಮಲೆನಾಡಿನ ಮಳೆಗೆ ಅದೇನು ಅಪರೂಪವಲ್ಲ. ಆಗ ಆನ್ ಇರುವ ಫ್ಯಾನು, ಫ್ರಿಜ್ಜು ಎಲ್ಲದರ ಮೂಲಕ ಬಂದ ಫೇಸ್ (ಕರೆಂಟ್ ತರುವ ಲೈನು) ವಾಪಸ್ ಹೋಗಲು ದಾರಿಯಿಲ್ಲದೆ ನ್ಯೂಟ್ರಲ್‌ನಲ್ಲೇ ನಿಲ್ಲುತ್ತದೆ. ಆ ಬೆರಳುದ್ದದ ತುಂಡು ಅದನ್ನು ಗ್ರೈಂಡರ್‌ನ ಸ್ಟೀಲ್ ಮೈಗೆ ತಂದು ಬಿಡುತ್ತದೆ. ಮೊದಲು ಬರೀ ಜುಮ್ ಅನ್ನುತ್ತಿತ್ತು. ಈಗ ಬಂದರೆ 230 ವೋಲ್ಟ್. ಯಾರಾದರೂ ಮೇನಿನಲ್ಲಿ ಫೇಸ್, ನ್ಯೂಟ್ರಲ್ ಅದಲು ಬದಲು ಮಾಡಿದರಂತೂ ನ್ಯೂಟ್ರಲ್ ಕೀಳುವವರೆಗೂ ಕಾಯಬೇಕಿಲ್ಲ.

"ಎಂಸಿಬಿ ಇದೆಯಲ್ಲ ಸಾರ್, ಬಿದ್ದೋಗುತ್ತೆ" ಅಂದರು ವಯರ್‌ಮನ್. ಈ ನಂಬಿಕೆ ಓದಿದವರಲ್ಲೂ ಇದೆ. ಎಂಸಿಬಿ ಅನ್ನುವ ಸ್ವಿಚ್ ತಾನೇ ಬೀಳುವುದು ಕರೆಂಟ್ ಜಾಸ್ತಿಯಾಗಿ ವಯರ್ ಸುಡದಿರಲಿ ಅಂತ. 16 ಆಂಪ್‌ನ ಎಂಸಿಬಿಗೆ ಮನುಷ್ಯನ ಮೈಯೊಳಗೆ ಹೋಗುವ ಕರೆಂಟ್ ಲೆಕ್ಕಕ್ಕೇ ಇಲ್ಲ. ಮನುಷ್ಯನನ್ನು ಕಾಯುವುದು, ಹೋದಷ್ಟೇ ಕರೆಂಟ್ ವಾಪಸ್ ಬರದಿದ್ದರೆ ಬೀಳುವ ಆರ್‌ಸಿಸಿಬಿ. ಮನೆಗೆ ಹಾಕುವಂಥದ್ದು 30 ಮಿಲಿ ಆಂಪ್ ಸೋರಿದರೂ ಬೀಳುತ್ತದೆ. 16 ಆಂಪ್ ಅಂದರೆ ಅದರ ಐನೂರು ಪಟ್ಟಿಗಿಂತ ಜಾಸ್ತಿ.

ಇಂಗ್ಲೆಂಡಿನವರು ಬುದ್ಧಿವಂತರು, ನಾವು ದಡ್ಡರು ಅಂತ ಹೇಳಲು ಹೊರಟಿಲ್ಲ. ನಮ್ಮ ಗುಂಡು ಪಿನ್ನಿನ ಪ್ಲಗ್ ಅವರದ್ದೇ ಹಳೇ ಪ್ಲಗ್. ಅವರು ಚೌಕ ಪಿನ್ನಿಗೆ ಬಿಎಸ್ 1363 ಅಂತ ಸ್ಟ್ಯಾಂಡರ್ಡ್ ತಂದದ್ದು 1947ರಲ್ಲಿ. ನಮಗೆ ಸ್ವಾತಂತ್ರ್ಯವೂ ಹಳೇ ಪ್ಲಗ್ಗೂ ಒಂದೇ ವರ್ಷ ಸಿಕ್ಕವು ಅನ್ನಿ. ಅವರ ಪ್ಲಗ್ಗಿನೊಳಗೇ ಪುಟ್ಟ ಫ್ಯೂಸ್ ಇರುತ್ತದೆ, ಟೇಬಲ್ ಲ್ಯಾಂಪಿಗೆ 3 ಆಂಪ್, ಕೆಟಲ್‌ಗೆ 13. ಉದ್ದದ ಅರ್ಥ್ ಪಿನ್ ಮೊದಲು ಒಳಗೆ ಹೋದರೆ ಮಾತ್ರ ಉಳಿದೆರಡು ತೂತಿನ ಬಾಗಿಲು ತೆರೆಯುತ್ತದೆ. ಬಚ್ಚಲಲ್ಲಿ ಶೇವರ್‌ಗೆ ಬಿಟ್ಟರೆ ಸಾಕೆಟ್ಟೇ ಇಲ್ಲ, ಲೈಟ್ ಹಾಕಲು ಸೂರಿನಿಂದ ದಾರ ಇಳಿಬಿಟ್ಟಿರುತ್ತಾರೆ. ಮೊದಲ ದಿನ ಕತ್ತಲಲ್ಲಿ ಆ ದಾರ ಹುಡುಕಿ ಬೈದುಕೊಂಡಿದ್ದೆ. ನಮ್ಮಲ್ಲೋ, ಗೀಸರ್ ಸ್ವಿಚ್ಚು ಶವರ್ ಪಕ್ಕದಲ್ಲೇ. 2000 ವಾಟ್‌ನ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ, ಅದನ್ನು ಕನ್ವರ್ಟರ್ ಪ್ಲಗ್ ಹಾಕಿ 6 ಆಂಪ್ ಪಾಯಿಂಟಿಗೆ ಸಿಕ್ಕಿಸಿರುತ್ತಾರೆ. ಪ್ಲಗ್ ಕಂದು ಬಣ್ಣಕ್ಕೆ ತಿರುಗಿದರೂ "ನೀರು ಕಾಯ್ತಿದೆಯಲ್ಲ" ಅನ್ನುವುದು ಬೇರೆ.

ನಿಜವಾದ ವ್ಯತ್ಯಾಸ ನನಗೆ ಕಂಡದ್ದು ಪ್ಲಗ್ಗಿನಲ್ಲಲ್ಲ, ಕೆಲಸ ಮುಗಿಯಿತು ಅಂತ ಯಾವಾಗ ಅನ್ನುತ್ತೇವೆ ಅನ್ನುವುದರಲ್ಲಿ. ಇಂಗ್ಲೆಂಡಿನಲ್ಲಿ 2020ರ ನಿಯಮದ ಪ್ರಕಾರ ಬಾಡಿಗೆ ಮನೆಯ ವೈರಿಂಗನ್ನು ಐದು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಬೇಕು. ನಮ್ಮ ಮನೆಗೆ ಬಂದವನು ಅರ್ಧ ದಿನ ಕರೆಂಟ್ ತೆಗೆದು ಒಂದೊಂದು ಸಾಕೆಟ್ಟಿಗೂ ಮೀಟರ್ ಹಿಡಿದ. ಲೈಟು, ಫ್ಯಾನು, ಓವನ್ ಎಲ್ಲ ಚೆನ್ನಾಗಿಯೇ ನಡೆಯುತ್ತಿದ್ದವು. ಆದರೂ ನೀರಿನ ಪೈಪಿಗೆ ಅರ್ಥ್ ವಯರ್ ಕಟ್ಟಿಲ್ಲ ಅಂತ ಸಿ2 ಬರೆದು ಹೋದ. ಸಿ2 ಅಂದರೆ ಇವತ್ತಲ್ಲದಿದ್ದರೂ ಮುಂದೆ ಅಪಾಯ ಆಗಬಹುದು ಅಂತ. ಮಾಲೀಕ 28 ದಿನದೊಳಗೆ ಸರಿ ಮಾಡಿಸಬೇಕಾಯಿತು, ಗೊಣಗಿಕೊಂಡೇ.

ಹಾಗಂತ ಇಲ್ಲಿಗೆ ಬಂದ ನಾವು ಬದಲಾದೆವಾ? ಊರಿಂದ ತಂದ ಮಿಕ್ಸಿಯ ಗುಂಡು ಪಿನ್ ಸಾಕೆಟ್ಟಿಗೆ ಹೋಗದಿದ್ದರೆ ಅರ್ಥ್ ತೂತಿಗೆ ಪೆನ್ನು ತುರುಕಿ ಬಾಗಿಲು ತೆರೆಸುವ ವಿದ್ಯೆ ರೆಡಿಂಗ್‌ನ ಎಷ್ಟೋ ಕನ್ನಡದ ಅಡುಗೆಮನೆಗಳಲ್ಲಿದೆ. ಅಲ್ಲಿಗೆ ಫ್ಯೂಸೂ ಇಲ್ಲ, ಅರ್ಥೂ ಇಲ್ಲ. ಮೊದಲ ವರ್ಷ ನಮ್ಮ ಮನೆಯಲ್ಲೂ ಚಟ್ನಿ ಹೀಗೇ ಆಗಿದ್ದು.

ಸಾಗರದಲ್ಲಿ ಆ ತುಂಡು ತೆಗೆಸಿದೆ. ಬಚ್ಚಲ ನೀರು ಹರಿಯುವ ಕಡೆ ಅರ್ಥಿಂಗಿಗೆ ಗುಂಡಿ ತೋಡಿಸಿ, ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿಸಿ ಪ್ರತಿ ಸಾಕೆಟ್ಟಿಗೂ ಹಸಿರು ವಯರ್ ಎಳೆಸಿದ್ದಾಯಿತು. ಆರ್‌ಸಿಸಿಬಿ ಹಾಕಿದ ದಿನವೆಲ್ಲ ಅದು ಬೀಳುತ್ತಲೇ ಇತ್ತು. ಯುಪಿಎಸ್ ಲೈನಿನ ನ್ಯೂಟ್ರಲ್ಲೂ ಮನೆ ಲೈನಿನ ನ್ಯೂಟ್ರಲ್ಲೂ ಒಂದೇ ಗಂಟಿನಲ್ಲಿದ್ದವು. ಕರೆಂಟ್ ಬೇರೆ ದಾರಿಯಲ್ಲಿ ವಾಪಸ್ ಹೋದರೂ ಅದಕ್ಕೆ ಸೋರಿಕೆಯೇ. "ಇದರ ಸಹವಾಸ ಬೇಡ, ತೆಗೆದುಬಿಡೋಣ ಸಾರ್" ಅಂದರು ವಯರ್‌ಮನ್. ಕಾಡಿ ಬೇಡಿ ಗಂಟು ಬಿಡಿಸಿಸಿದೆ.

ಕೊನೆಗೆ ಅವರು ತಮ್ಮ ಹಳೇ ಟೆಸ್ಟ್ ಲ್ಯಾಂಪ್ ತೆಗೆದರು, ಎರಡು ವಯರ್ ಕಟ್ಟಿದ 100 ವಾಟ್ ಬಲ್ಬು. ಒಂದು ತುದಿ ಫೇಸಿಗೆ, ಇನ್ನೊಂದು ಹೊಸ ಅರ್ಥಿಗೆ. ಅವರ ಲೆಕ್ಕದಲ್ಲಿ ಬಲ್ಬ್ ಝಗ್ ಅಂತ ಉರಿದರೆ ಅರ್ಥಿಂಗ್ ಚೆನ್ನಾಗಿದೆ. ಬಲ್ಬಿನ ಕರೆಂಟ್ ಅರ್ಥಿಗೆ ಸೋರಿದ್ದೇ ತಡ, ಬಲ್ಬ್ ಮಿಂಚಿ ಆರಿತು, ಆರ್‌ಸಿಸಿಬಿ ಟಪ್ ಅಂತ ಬಿತ್ತು.

"ಇನ್ನೂ ಎಲ್ಲೋ ಫಾಲ್ಟ್ ಇದೆ ಸಾರ್" ಅಂತ ಅವರು ತಲೆ ಕೆರೆದುಕೊಂಡರು. ನಾನು ಅವರ ಬೆನ್ನು ತಟ್ಟಿದೆ. ಒಳಗಿಂದ ಅಮ್ಮ ಕೇಳಿದಳು, "ಮತ್ತೆ ಕರೆಂಟ್ ಹೋಯ್ತೇನೋ?"