ಕ್ರೋಧಿ ಸಂವತ್ಸರದ ಒದ್ದೆ ಮಡಿ

2024ರ ಏಪ್ರಿಲ್ ತಿಂಗಳಲ್ಲಿ ಒಂದು ವಾರದೊಳಗೆ ನಮ್ಮಿಬ್ಬರಿಗೆ ಮೂರು ಹೊಸ ವರ್ಷಗಳು ಬಂದವು. 9ರಂದು ಚಾಂದ್ರಮಾನ ಯುಗಾದಿ. ನನ್ನ ಹೆಂಡತಿ ಶಿವಮೊಗ್ಗದ ಕಡೆಯವಳಾದುದರಿಂದ ಬೇವುಬೆಲ್ಲ ಹಂಚಿ ಕ್ರೋಧಿ ಸಂವತ್ಸರವನ್ನು ಬರಮಾಡಿಕೊಂಡಳು. 14ರಂದು ನನ್ನ ಕಡೆಯ, ಅಂದರೆ ಕರಾವಳಿಯವರ ಬಿಸು. ಇವೆರಡರ ನಡುವೆ 13ರಂದು ಥಾಯ್ಲೆಂಡಿನ ಸೊಂಕ್ರಾನ್ ಬಂದು ನುಸುಳಿಕೊಂಡದ್ದು ಬೆಂಗಳೂರಿನಲ್ಲಿರುವ ಮಗನ ಕೃಪೆಯಿಂದ. ಭಾರತದವರು 2023ರ ನವೆಂಬರಿನಿಂದ ವೀಸಾ ಇಲ್ಲದೆ ಥಾಯ್ಲೆಂಡಿಗೆ ಹೋಗಬಹುದೆಂದು ಅಲ್ಲಿನ ಸರಕಾರ ಪ್ರಕಟಿಸಿದ್ದನ್ನು, ಹೋಗಲೇಬೇಕೆಂದು ಹೊರಡಿಸಿದ ಆದೇಶವೆಂಬಂತೆ ಓದಿಕೊಂಡ ಆತ ಎರಡು ಟಿಕೆಟು ಕಳುಹಿಸಿಬಿಟ್ಟ. ಬ್ಯಾಂಕಾಕಿನಲ್ಲಿ ವರ್ಷದ ಅತಿ ಬಿಸಿಯಾದ ತಿಂಗಳು ಏಪ್ರಿಲ್ ಎಂಬುದು ನನಗೆ ತಿಳಿದದ್ದು ಟಿಕೆಟು ಬಂದ ಮೇಲೆ. ಮಂಗಳೂರಿನಲ್ಲಿ ಖರ್ಚಿಲ್ಲದೆ ಬೇಯುತ್ತಿದ್ದವರು ನಾಲ್ಕು ತಾಸು ಹಾರಿ ಅಲ್ಲಿಗೆ ಹೋಗಿ ಬೇಯಲು ಹೊರಟೆವು.

ಸೊಂಕ್ರಾನ್ ಎಂದರೆ ನಮ್ಮ ಸಂಕ್ರಾಂತಿಯೇ. ಸೂರ್ಯ ಮೇಷ ರಾಶಿಗೆ ಕಾಲಿಡುವ ಹಬ್ಬ. ಬುದ್ಧನ ಮೂರ್ತಿಗೆ ನೀರೆರೆದು, ಮನೆಯ ಹಿರಿಯರ ಕೈಗೆ ಪರಿಮಳದ ನೀರು ಹನಿಸಿ ಆಶೀರ್ವಾದ ಬೇಡುವುದು ಅದರ ಮೂಲ ರೀತಿ. 2023ರ ಡಿಸೆಂಬರಿನಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೂ ಅದು ಸೇರಿತು. ಇಷ್ಟನ್ನು ನಾನು ಓದಿಕೊಂಡು ಹೋಗಿದ್ದೆ. ಹನಿಸುವ ಆ ನೀರು ಕಾಲಕ್ರಮದಲ್ಲಿ ಯಾವ ಪ್ರಮಾಣಕ್ಕೆ ಬೆಳೆದಿದೆ ಎಂಬುದನ್ನು ಮಾತ್ರ ಓದಿರಲಿಲ್ಲ.

ಹೋಟೆಲಿನ ಸ್ವಾಗತದ ಮೇಜಿನ ಹಿಂದಿದ್ದ ಹುಡುಗಿ ಕೈಮುಗಿದು ‘ಸವಾದಿ’ ಎಂದಳು. ಇದು ನಮ್ಮ ‘ಸ್ವಸ್ತಿ’ಯಿಂದಲೇ ಹುಟ್ಟಿದ ಪದವೆಂದು ನಾನು ಹೆಂಡತಿಗೆ ವಿವರಿಸುತ್ತಿರುವಾಗ, ಆ ಹುಡುಗಿ ಕೊರಳಿಗೆ ನೇತುಹಾಕಿಕೊಳ್ಳುವ ಪ್ಲಾಸ್ಟಿಕ್ ಚೀಲಗಳೆರಡನ್ನು ಮುಂದೆ ಹಿಡಿದು, ಮೊಬೈಲು, ಹಣ ಎಲ್ಲವನ್ನೂ ಇದರಲ್ಲಿಡಬೇಕೆಂದು ಸನ್ನೆ ಮಾಡಿದಳು. ಹೆಂಡತಿ ಒಂದನ್ನು ಕೊಂಡಳು. ನಾನು ಬೇಡವೆಂದೆ. ಅರುವತ್ತಕ್ಕೂ ಹೆಚ್ಚು ಆಟಿ ತಿಂಗಳುಗಳನ್ನು ಕರಾವಳಿಯಲ್ಲಿ ಕಳೆದವನಿಗೆ, ಮೂವತ್ತಮೂರು ವರ್ಷ ಜಡಿಮಳೆಯಲ್ಲಿ ಬ್ಯಾಂಕಿಗೆ ಹೋಗಿ ಒಂದು ಓಚರನ್ನೂ ಒದ್ದೆ ಮಾಡದೆ ನಿವೃತ್ತನಾದವನಿಗೆ ನೀರಿನ ವಿಷಯದಲ್ಲಿ ಪಾಠವೇ? ನನ್ನ ಪೆಟ್ಟಿಗೆಯಲ್ಲಿ ಮರದ ಹಿಡಿಯ ಕರಿ ಕೊಡೆಯಿತ್ತು.

13ರ ಬೆಳಗ್ಗೆ ಬೀದಿಗಿಳಿದಾಗ ಮೊದಲು ಎದುರಾದವಳು ಐದಾರು ವರ್ಷದ ಒಂದು ಮಗು. ಕೈಯಲ್ಲಿ ಬಟ್ಟಲು, ಬಟ್ಟಲಲ್ಲಿ ಮಲ್ಲಿಗೆ ತೇಲುವ ನೀರು. ಹಾಕಲೇ ಎಂಬಂತೆ ನೋಡಿ, ನಾನು ಬಗ್ಗಿದ ಮೇಲೆ ಭುಜಕ್ಕೆ ನಾಲ್ಕು ಹನಿ ಎರೆದು, ಕೈಮುಗಿದು ಓಡಿಹೋಯಿತು. ‘ಇಷ್ಟೇಯಾ? ಇದಕ್ಕೆ ಪ್ಲಾಸ್ಟಿಕ್ ಚೀಲ ಬೇರೆ ಕೇಡು’ ಎಂದು ನಾನು ನಕ್ಕು, ಮುಂದಿನ ತಿರುವಿನಲ್ಲಿ ಒಂದಷ್ಟು ಯುವಕರು ಬಕೆಟುಗಳೊಂದಿಗೆ ನಿಂತಿರುವುದನ್ನು ಕಂಡು, ಯಾವುದಕ್ಕೂ ಇರಲಿ ಎಂದು ಕೊಡೆ ಬಿಡಿಸಿದೆ.

ಸೊಂಕ್ರಾನಿನ ದಿನ ಬೀದಿಯಲ್ಲಿ ಕೊಡೆ ಬಿಡಿಸುವುದೆಂದರೆ ಊರಿಗೆ ಊರನ್ನೇ ಕಾಲುಕೆದರಿ ಜಗಳಕ್ಕೆ ಕರೆದಂತೆ ಎಂಬುದು ನನಗೆ ಹೇಗೆ ಗೊತ್ತಿರಬೇಕು! ಅದುವರೆಗೆ ತಮ್ಮತಮ್ಮೊಳಗೆ ನೀರೆರಚಿಕೊಳ್ಳುತ್ತಿದ್ದವರೆಲ್ಲ ಒಮ್ಮೆ ಕೈ ತಡೆದು, ಕರಿಕೊಡೆಯನ್ನು ಕಂಡು, ಹೋ ಎಂದು ಕೂಗಿದರು. ಆಟಿಯ ಮಳೆ ಎಷ್ಟೇ ಜೋರಾಗಿ ಬಂದರೂ ಆಕಾಶದಿಂದಲೇ ಬರುತ್ತದೆ. ಇಲ್ಲಿ ಅದು ಎಡದಿಂದ, ಬಲದಿಂದ, ಮಂಡಿಯ ಕೆಳಗಿನಿಂದ, ಕೊನೆಗೆ ಮೆಲ್ಲನೆ ಬಂದು ಪಕ್ಕದಲ್ಲೇ ನಿಂತ ಪಿಕಪ್ ವಾಹನದ ಡ್ರಮ್ಮಿನಿಂದ ಬಂತು. ಆ ಡ್ರಮ್ಮಿನಲ್ಲಿ ಮಂಜುಗಡ್ಡೆ ತೇಲುತ್ತಿತ್ತು. ನಲವತ್ತು ಡಿಗ್ರಿಯ ಆಸುಪಾಸಿನ ಬಿಸಿಲಿನಲ್ಲಿ ಬೆನ್ನಹುರಿಯ ಉದ್ದಕ್ಕೂ ಐಸ್ ನೀರು ಇಳಿದಾಗ ಬಾಯಿಂದ ಹೊರಡುವ ಸ್ವರಕ್ಕೆ ಯಾವ ಭಾಷೆಯಲ್ಲೂ ಅಕ್ಷರವಿಲ್ಲ. ಅಷ್ಟರಲ್ಲಿ ಕೊಡೆ ಮಗುಚಿ ಕೊಡಪಾನವಾಯಿತು. ತುಂಬಿದ ಆ ಕೊಡಪಾನವನ್ನು ನಾನು ತಲೆಯ ಮೇಲೆ ಹಿಡಿದೇ ಇದ್ದೆ. ಹಿಡಿದ ಕೈ ಸೋತಾಗ ಅದೂ ನನ್ನ ಮೇಲೆಯೇ ಸುರಿಯಿತು.

ಸಹಾಯಕ್ಕಾಗಿ ಹೆಂಡತಿಯನ್ನು ಹುಡುಕಿದೆ. ಮೊಣಕಾಲಿನ ನೋವಿಗೆ ಮಂಗಳೂರಿನಲ್ಲಿ ಎರಡು ಮಹಡಿ ಹತ್ತಲಾರೆನೆಂದು ಕುಳಿತುಕೊಳ್ಳುವ ಆಕೆ, ಎಲ್ಲಿಂದಲೋ ಒಂದು ಗುಲಾಬಿ ಬಣ್ಣದ ನೀರುಪಿಸ್ತೂಲು ಸಂಪಾದಿಸಿ, ಭಾಷೆ ತಿಳಿಯದ ನಾಲ್ವರು ಹೆಂಗಸರ ನಡುವೆ ಸೆರಗು ಸಿಕ್ಕಿಸಿ ನಿಂತಿದ್ದಳು. ನನ್ನನ್ನು ಕಂಡೊಡನೆ ಗುರಿಯಿಟ್ಟಳು. ಮದುವೆಯಾಗಿ ಮೂವತ್ತಾರು ವರ್ಷಗಳಲ್ಲಿ ಆಕೆಯ ಗುರಿ ಅಷ್ಟು ನಿಖರವಾಗಿದ್ದುದನ್ನು ನಾನು ಮಾತಿನಲ್ಲಿ ಕಂಡಿದ್ದೆನೇ ಹೊರತು ನೀರಿನಲ್ಲಿ ಕಂಡಿರಲಿಲ್ಲ.

ಕೋಣೆಗೆ ಮರಳಿ ಜೇಬು ಬರಿದು ಮಾಡಿದಾಗ ಮೊಬೈಲು ಒಮ್ಮೆ ಮಿನುಗಿ ಕಣ್ಣು ಮುಚ್ಚಿತು. ಹಣದ ಕಥೆ ಇನ್ನೂ ಸ್ವಾರಸ್ಯಕರವಾಗಿತ್ತು. ಥಾಯ್ಲೆಂಡಿನವರು 2022ರಲ್ಲಿಯೇ ಇಪ್ಪತ್ತು ಬಾತ್‌ನ ನೋಟನ್ನು ಪಾಲಿಮರಿನಲ್ಲಿ ಮುದ್ರಿಸಿಬಿಟ್ಟಿದ್ದಾರೆ. ಕೆಸುವಿನ ಎಲೆಯಂತೆ ಅದು ನೀರನ್ನು ಕೊಡವಿಕೊಂಡು ಎದ್ದು ಕುಳಿತಿತು. ನೂರು ಮತ್ತು ಸಾವಿರದ ಕಾಗದದ ನೋಟುಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡು ಹಪ್ಪಳದ ಹಿಟ್ಟಿನಂತಾಗಿದ್ದವು. ಅವನ್ನು ಹರಿಯದಂತೆ ಬಿಡಿಸುವ ಕೆಲಸಕ್ಕೆ ನನ್ನ ಅಷ್ಟೂ ವರ್ಷಗಳ ಬ್ಯಾಂಕಿನ ಅನುಭವ ಬೇಕಾಯಿತು. ಬಿಡಿಸಿದ ಒಂದೊಂದನ್ನೂ ಹೆಂಡತಿ ತೆಗೆದುಕೊಂಡು ಕನ್ನಡಿಗೆ ಅಂಟಿಸುತ್ತ ಹೋದಳು.

ಊಟದ ವಿಷಯವನ್ನು ಚುಟುಕಾಗಿ ಮುಗಿಸುತ್ತೇನೆ, ಏಕೆಂದರೆ ನಮ್ಮ ಊಟವೂ ಚುಟುಕಾಗಿಯೇ ಮುಗಿಯುತ್ತಿತ್ತು. ಸಸ್ಯಾಹಾರಕ್ಕೆ ಅವರ ಮಾತು ‘ಮಾಂಗ್ಸವಿರತ್’. ಮಾಂಸ-ವಿರತಿ ಎಂದು ಬಿಡಿಸಿಕೊಂಡು ನಾನು ಹಿಗ್ಗಿದೆ. ಆದರೆ ಮಾಂಸದಿಂದ ವಿರತವಾದ ತಟ್ಟೆಯಲ್ಲಿಯೂ ಮೀನಿನ ಸಾಸು ನಿರಾತಂಕವಾಗಿ ಇರಬಹುದೆಂದು ಮೂಗು ತಿಳಿಸಿತು. ಎರಡನೆಯ ದಿನ ‘ಜೇ’ ಎಂಬ ಇನ್ನೊಂದು ಪದ ಸಿಕ್ಕಿತು. ಹಳದಿಯ ಮೇಲೆ ಕೆಂಪಕ್ಷರದ ಫಲಕವಿರುವ ಆ ಅಂಗಡಿಗಳಲ್ಲಿ ಮೀನಿನ ಮಾತು ಹಾಗಿರಲಿ, ಬೆಳ್ಳುಳ್ಳಿ ನೀರುಳ್ಳಿಯೂ ನಿಷಿದ್ಧ. ಏಕಾದಶಿಯ ಮರುದಿನ ಉಣ್ಣುವವರ ಹಾಗೆ ಉಂಡೆವು.

ಆ ಸಂಜೆ ಸ್ವಾಗತದ ಹುಡುಗಿ, ನನ್ನ ಮುಖ ನೋಡಿ ಕನಿಕರಗೊಂಡಿರಬೇಕು, ತನ್ನ ಮೊಬೈಲಿನ ಅನುವಾದದ ಸಹಾಯದಿಂದ ಹಬ್ಬದ ಕಥೆ ಹೇಳಿದಳು. ಕಬಿಲನೆಂಬ ಬ್ರಹ್ಮ ಒಬ್ಬ ಜಾಣ ಹುಡುಗನಿಗೆ ತಲೆಯ ಪಣವೊಡ್ಡಿ ಒಗಟು ಕೇಳುತ್ತಾನೆ: ಮನುಷ್ಯನ ಶ್ರೀ ಬೆಳಗ್ಗೆ ಎಲ್ಲಿರುತ್ತದೆ, ಮಧ್ಯಾಹ್ನ ಎಲ್ಲಿ, ಸಂಜೆ ಎಲ್ಲಿ? ಮರದ ಮೇಲಿನ ಹದ್ದುಗಳ ಮಾತು ಕೇಳಿಸಿಕೊಂಡ ಹುಡುಗ ಸರಿಯುತ್ತರ ಕೊಡುತ್ತಾನೆ: ಬೆಳಗ್ಗೆ ಮುಖದಲ್ಲಿ, ಆದ್ದರಿಂದ ಜನ ಮುಖ ತೊಳೆಯುತ್ತಾರೆ, ಮಧ್ಯಾಹ್ನ ಎದೆಯಲ್ಲಿ, ಆದ್ದರಿಂದ ಪರಿಮಳ ಪೂಸುತ್ತಾರೆ, ಸಂಜೆ ಪಾದದಲ್ಲಿ, ಆದ್ದರಿಂದ ಕಾಲು ತೊಳೆದು ಮಲಗುತ್ತಾರೆ. ಸೋತ ಬ್ರಹ್ಮನ ತಲೆಯನ್ನು ಅವನ ಏಳು ಹೆಣ್ಣುಮಕ್ಕಳು ವರ್ಷಕ್ಕೊಬ್ಬರಂತೆ ಹೊತ್ತು ಮೆರವಣಿಗೆ ಮಾಡುತ್ತಾರಂತೆ. ನಾನು ಲೆಕ್ಕ ಹಾಕಿದೆ. ಅಂದು ಒಂಬತ್ತು ಗಂಟೆಗೆ ಮುಖಕ್ಕೆ, ಹನ್ನೆರಡಕ್ಕೆ ಎದೆಗೆ, ಈಗ ಐದರ ಹೊತ್ತಿಗೆ ಹೋಟೆಲಿನ ಬಾಗಿಲಲ್ಲಿಯೇ ಪಾದಕ್ಕೆ ನೀರು ಬಿದ್ದಿತ್ತು. ನನ್ನ ಶ್ರೀಯ ಪ್ರತಿಯೊಂದು ಠಿಕಾಣಿಯೂ ಈ ಊರಿನವರಿಗೆ ಗೊತ್ತಿತ್ತು.

14ರ ಬೆಳಗ್ಗೆ ಹೆಂಡತಿ ನನ್ನ ಕಣ್ಣಿಗೆ ಕೈ ಮುಚ್ಚಿ ನಡೆಸಿಕೊಂಡು ಹೋಗಿ ‘ಈಗ ಕಣ್ಣು ಬಿಡಿ’ ಎಂದಳು. ಬಿಸು ಕಣಿ! ನಮ್ಮಮ್ಮನಿಂದ ಕಲಿತ ಈ ಸಂಪ್ರದಾಯದಲ್ಲಿ ಆಕೆ ಈಗ ನಮ್ಮಮ್ಮನಿಗಿಂತಲೂ ಕಟ್ಟುನಿಟ್ಟು. ಸೌತೆಕಾಯಿ, ಮಾವಿನಹಣ್ಣು, ಆಕೆಯ ಸರ, ಬಟ್ಟಲು ತುಂಬ ಅಕ್ಕಿ ಇದ್ದವು. ಅಕ್ಕಿಯ ನಡುವೆ, ತೇವ ಹೀರಲೆಂದು ಕುತ್ತಿಗೆಯವರೆಗೆ ಹೂತ ನನ್ನ ಮೊಬೈಲೂ ಇತ್ತು. ಎಲ್ಲಕ್ಕಿಂತ ಮೇಲಾಗಿ ಒಂದು ಗೊಂಚಲು ಹಳದಿ ಕಕ್ಕೆ ಹೂ. ನಮ್ಮಲ್ಲಿ ಬಿಸುವಿಗೆಂದೇ ಅರಳುವ ಆ ಹೂ ಥಾಯ್ಲೆಂಡಿನ ರಾಷ್ಟ್ರಪುಷ್ಪವೆಂದೂ, ಅವರು ಅದನ್ನು ‘ರಾಚಪ್ರುಕ್’ ಅಂದರೆ ರಾಜವೃಕ್ಷವೆಂದು ಕರೆಯುತ್ತಾರೆಂದೂ ನನಗಿಂತ ಮೊದಲು ಆಕೆಗೆ ತಿಳಿದಿತ್ತು. ಎಲ್ಲದರ ಹಿಂದೆ ಕನ್ನಡಿ, ಕನ್ನಡಿಯ ತುಂಬ ಒಣಗುತ್ತಿದ್ದ ನೋಟುಗಳು, ನೋಟುಗಳ ಸಂದಿಯಲ್ಲಿ ನನ್ನ ಮುಖ. ಹಿಂದಿನ ದಿನ ಯಾರೋ ಕೆನ್ನೆಗೆ ಬಳಿದ ಬಿಳಿಮಣ್ಣು ಕಿವಿಯ ಹಿಂದೆ ಗೋಪೀಚಂದನದಂತೆ ಇನ್ನೂ ಉಳಿದಿತ್ತು. ವರ್ಷದ ಮೊದಲ ನೋಟ ಇದಾದರೆ ವರ್ಷ ಹೇಗಿರುತ್ತದೆಂದು ನಾನು ಕೇಳಲಿಲ್ಲ.

ಬಿಸುವಿನಂದು ದೇವಸ್ಥಾನಕ್ಕೆ ಹೋಗದಿರುವುದುಂಟೇ? ಬ್ಯಾಂಕಾಕಿನ ಸೀಲೋಮ್ ರಸ್ತೆಯಲ್ಲಿ ತಮಿಳರು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಮಾರಿಯಮ್ಮನ ಗುಡಿಯಿದೆ. ಸೊಂಕ್ರಾನಿನ ನೀರಾಟದ ದೊಡ್ಡ ರಣರಂಗಗಳಲ್ಲಿ ಒಂದು ಅದೇ ರಸ್ತೆ. ನಾನು ಹೊಸ ಪಂಚೆಯುಟ್ಟು ಶಲ್ಯ ಹೊದೆದು, ರೈಲು ನಿಲ್ದಾಣದ ಮೇಲಿನ ಕಾಲುದಾರಿಯಲ್ಲಿ ನಿಂತು, ಕೆಳಗೆ ರಸ್ತೆಯುದ್ದಕ್ಕೂ ಸಾವಿರಾರು ಪಿಸ್ತೂಲುಗಳು ಏಕಕಾಲಕ್ಕೆ ಚಿಮ್ಮುವುದನ್ನು ನೋಡಿದೆ. ಗುಡಿ ಅಲ್ಲಿಂದ ಒಂದು ಕಿಲೋಮೀಟರಿಗೂ ಹೆಚ್ಚು ದೂರ.

‘ಇಲ್ಲಿಂದಲೇ ಕೈಮುಗಿದರೆ ಸಾಲದೇ ಮಾರಾಯ್ತಿ?’ ಎಂದೆ.

‘ರೀ, ಇಳೀರಿ ಸುಮ್ನೆ’ ಎಂದಳು.

ಇಳಿದೆ. ಗುಡಿಯ ಬಾಗಿಲಿಗೆ ತಲುಪಿದಾಗ ನನ್ನ ಪಂಚೆ ಕಾಲಿಗೆ ಸುತ್ತಿಕೊಂಡು ಹೆಜ್ಜೆ ಕೀಳಲು ಬಿಡುತ್ತಿರಲಿಲ್ಲ. ಶಲ್ಯದಿಂದ ಧಾರೆ ಇಳಿಯುತ್ತಿತ್ತು. ಈ ವೇಷದಲ್ಲಿ ಒಳಗೆ ಹೋಗುವುದು ಹೇಗೆಂದು ಹಿಂಜರಿದಾಗ ಆಕೆ, ‘ಒದ್ದೆ ಮಡಿಗಿಂತ ಶ್ರೇಷ್ಠ ಮಡಿ ಯಾವುದಿದೆ? ನಿಮ್ಮ ಜನ್ಮದಲ್ಲಿ ಇಷ್ಟು ಮಡಿಯಿಂದ ದೇವರ ಮುಂದೆ ನಿಂತಿದ್ದೀರಾ?’ ಎಂದಳು. ನಿಂತಿರಲಿಲ್ಲ. ಈ ಗುಡಿಯನ್ನು ಅಲ್ಲಿನವರು ‘ವಾಟ್ ಖೇಕ್’ ಎನ್ನುತ್ತಾರೆ; ‘ಖೇಕ್’ ಎಂದರೆ ಅತಿಥಿ, ಭಾರತೀಯರಿಗೂ ಅದೇ ಹೆಸರು. ಅತಿಥಿಗಳಿಗೆ ಅರ್ಘ್ಯ ಪಾದ್ಯಗಳನ್ನು ಇಷ್ಟು ಧಾರಾಳವಾಗಿ ಕೊಡುವ ಇನ್ನೊಂದು ದೇಶವನ್ನು ನಾನು ಕಾಣೆ.

ಕೊನೆಯ ದಿನ, 15ರಂದು, ಹೋಟೆಲಿನವರು ತಂಗಿದ್ದ ಹಿರಿಯರನ್ನೆಲ್ಲ ಕುರ್ಚಿಗಳಲ್ಲಿ ಸಾಲಾಗಿ ಕೂರಿಸಿದರು. ಸಿಬ್ಬಂದಿಯ ಮಕ್ಕಳು ಒಬ್ಬೊಬ್ಬರಾಗಿ ಬಂದು ಮಂಡಿಯೂರಿ, ನನ್ನ ಬೊಗಸೆಗೆ ಪುಟ್ಟ ಬಟ್ಟಲಿನಿಂದ ನೀರು ಹನಿಸತೊಡಗಿದರು. ಮೂರು ದಿನ ನೀರಿನೊಂದಿಗೆ ಹೋರಾಡಿದ ನನಗೆ ಆ ಮೃದುತ್ವಕ್ಕೆ ಮನಸ್ಸು ಕರಗಿಹೋಯಿತು. ಕರಗಿದ ಮನಸ್ಸಿನಲ್ಲಿ ಮನುಷ್ಯ ಅಭ್ಯಾಸದಂತೆ ನಡೆದುಕೊಳ್ಳುತ್ತಾನೆ. ಬೊಗಸೆಗೆ ನೀರು ಬಿದ್ದರೆ ಅದು ತೀರ್ಥ ಎಂದು ಬಾಲ್ಯದಿಂದ ತಿಳಿದಿರುವ ನನ್ನ ಕೈ ತಾನಾಗಿಯೇ ಮೇಲೇರಿತು; ಸುರ್ರೆಂದು ಹೀರಿ, ಉಳಿದದ್ದನ್ನು ತಲೆಗೆ ಸವರಿಕೊಂಡೆ.

ಮಂಡಿಯೂರಿದ್ದ ಹುಡುಗ ಬಾಯಿ ತೆರೆದು ನೋಡಿದ. ಸ್ವಾಗತದ ಹುಡುಗಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ನನ್ನ ಪಕ್ಕದಲ್ಲಿದ್ದ ಹಿರಿಯರು, ಇದು ಭಾರತದ ಪದ್ಧತಿಯೋ ಏನೋ ಎಂದು ಗೌರವದಿಂದ ತಾವೂ ಕೈಯನ್ನು ಬಾಯಿಯ ಹತ್ತಿರ ತಂದು ಅನುಮಾನಿಸಿದರು. ಅದು ಅತ್ತರು ಬೆರೆಸಿದ ನೀರು. ರಾತ್ರಿಯವರೆಗೂ ನನಗೆ ಮಲ್ಲಿಗೆಯ ತೇಗು ಬರುತ್ತಿತ್ತು. ‘ಮದುವೆಯ ಹೊಸತರಲ್ಲಿ ಇಷ್ಟು ಘಮಘಮ ಅಂತಿದ್ದರೆ ಎಷ್ಟು ಚೆನ್ನಾಗಿತ್ತು’ ಎಂದು ಹೆಂಡತಿ ಟ್ಯಾಕ್ಸಿಯಲ್ಲಿ ಕಿಟಕಿ ತೆರೆದಳು.

ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ, ಪಾಸ್‌ಪೋರ್ಟಿನ ತಪಾಸಣೆ ಮುಗಿಸಿ ಒಳಗೆ ಹೋದರೆ ಸಮುದ್ರಮಥನದ ದೊಡ್ಡದೊಂದು ಶಿಲ್ಪವಿದೆ. ಮೇಲೆ ವಿಷ್ಣು, ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು, ನಡುವೆ ಸರ್ಪ. ಮುರಿದ ಕಡ್ಡಿಗಳ ಕೊಡೆಯನ್ನು ಊರುಗೋಲಿನಂತೆ ಹಿಡಿದು ನಾನು ಅದರ ಮುಂದೆ ನಿಂತು, ಹಾಲಾಹಲದ ಪ್ರಸಂಗವನ್ನು ಹೆಂಡತಿಗೆ ನೆನಪಿಸಲು ಬಾಯಿ ತೆರೆದೆ. ಮಾತಿಗಿಂತ ಮೊದಲು ತೇಗು ಬಂತು.

‘ನೋಡಿ’ ಎಂದಳು ಆಕೆ, ‘ಇಲ್ಲಿ ಯಾರಾದರೂ ಅಮೃತವನ್ನೇ ತಂದು ಕೈಗೆ ಹಾಕಿದರೂ, ಮೊದಲು ನನ್ನನ್ನು ಕೇಳಿ ಆಮೇಲೆ ಕುಡೀರಿ.’